ಹನ್ನೊಂದು ವರ್ಷ, ಒಂದು ಸಾಲು

ಕೋಡ್ ತೋರಿಸುವ ವೆಬ್ ಪುಟವನ್ನು ಮೊದಲ ಸಲ ತೆರೆದಾಗ ಅದರ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಇರುತ್ತದೆ: ಈ ಭಂಡಾರಕ್ಕೆ ಹೆಸರಿಟ್ಟಿಲ್ಲ, ಹೆಸರಿಡಬೇಕಾದರೆ ಈ ಫೈಲನ್ನು ತಿದ್ದಿ. ಎಷ್ಟೋ ಜನ ಅದನ್ನು ಹಾಗೆಯೇ ಬಿಟ್ಟಿರುತ್ತಾರೆ. ದೊಡ್ಡ ದೊಡ್ಡವರ ಪುಟಗಳಲ್ಲೂ ನೋಡಿದ್ದೇನೆ. ನೀವು ಬಿಡಬೇಡಿ. ಬೋರ್ಡು ಬರೆಸದೆ ಶಟರ್ ಎತ್ತಿದ ಅಂಗಡಿಯ ಹಾಗೆ ಕಾಣುತ್ತದೆ. ನೋಡಲು ಬಂದವನು ಅಲ್ಲಿಂದಲೇ ನಿಮ್ಮ ಬೆಲೆ ಇಳಿಸಲು ಶುರು ಮಾಡುತ್ತಾನೆ. ನಾನು ಮಾಡಿದ ಮೊದಲ ಕೆಲಸ ಆ ವಾಕ್ಯವನ್ನು ಅಳಿಸಿದ್ದು. ಅದೊಂದನ್ನು ಸರಿಯಾಗಿ ಮಾಡಿದೆ. ಮುಂದಿನದ್ದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಸಾಫ್ಟ್‌ವೇರ್ ಅಂದರೆ ಒಂದು ಬರಹ. ದಿನವೂ ಅದನ್ನು ತಿದ್ದುತ್ತಿರುತ್ತಾರೆ. ಪ್ರತಿ ಸಲ ತಿದ್ದಿದಾಗಲೂ ಏನು ಬದಲಾಯಿತು, ಯಾರು ಬದಲಾಯಿಸಿದರು, ಯಾವಾಗ, ಯಾಕೆ ಎಂಬುದನ್ನು ಹಿಡಿದಿಡುವ ವ್ಯವಸ್ಥೆ ಇದೆ. ಅದು ರೆಪಾಸಿಟರಿ, ಭಂಡಾರ. 'ಯಾಕೆ' ಎಂಬ ಜಾಗದಲ್ಲಿ ತಿದ್ದಿದವನು ಒಂದು ಟಿಪ್ಪಣಿ ಬರೆಯಬೇಕು. ಆ ಭಂಡಾರವನ್ನು ಬೇರೆಯವರು ದೂರದಿಂದ, ಬ್ರೌಸರಿನಲ್ಲೇ, ಪುಟ ತಿರುವಿ ನೋಡುವ ಹಾಗೆ ಮಾಡುವುದಕ್ಕೆ ಒಂದು ಸಣ್ಣ ಪ್ರೋಗ್ರಾಮ್ ಬೇರೆ ಇದೆ. ನಾನು ಕೂರಿಸಿದ್ದು ಅದನ್ನು.

ನಾನು ಕಾಲೇಜು ಕಂಡವನಲ್ಲ. ಬಾಗಲಕೋಟೆ ಕಡೆಯಿಂದ ಬಂದು ಉಲ್ಹಾಸನಗರದ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುತ್ತ ನಿಂತವನು. ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವುದನ್ನು ನೋಡಿ ನೋಡಿಯೇ ಕೈಗೆ ಕೆಲಸ ಬಂತು. ಜೋಡಿಸಿದ್ದನ್ನು ವಾಶಿಯ ಸಗಟು ಮಾರುಕಟ್ಟೆಯ ವ್ಯಾಪಾರಿಗಳಿಗೆ ಮಾರಿದೆ. ಅವರು ತಮ್ಮ ಶೀತಲ ಗೋದಾಮಿನ ಕಿರಿಕಿರಿ ಹೇಳಿಕೊಂಡರು. ಯಾರ ಸೇಬು ಯಾವ ಕೋಣೆಯಲ್ಲಿದೆ, ಯಾವ ಬಟಾಟೆ ಮೊದಲು ಹೊರಗೆ ಬರಬೇಕು, ಒಂದೂ ನೆನಪಿರುವುದಿಲ್ಲ ಅಂತ. ಅದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮಾಡುವವರು ಯಾರು ಎಂದು ಆಮೇಲೆ ಹುಡುಕಿದೆ. ನನ್ನ ಪದ್ಧತಿ ಯಾವಾಗಲೂ ಹಾಗೆಯೇ.

ಸಿಕ್ಕವನು ನನ್ನ ಪಾಲುದಾರ. ಉಡುಪಿ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಸ್ಟೇಷನ್ನಿನ ಹತ್ತಿರ ಅವರ ಮನೆಯವರದ್ದು ಸಸ್ಯಾಹಾರಿ ಹೋಟೆಲು. ಅಪ್ಪನ ಕಾಲಿನ ಸ್ವಾಧೀನ ತಪ್ಪಿದಾಗ ಇಂಜಿನಿಯರಿಂಗನ್ನು ಅರ್ಧಕ್ಕೆ ಬಿಟ್ಟು ಎರಡು ವರ್ಷ ಕೌಂಟರಿನಲ್ಲಿ ಕೂತ. ಆ ಅರ್ಧ ಮತ್ತೆ ತುಂಬಲಿಲ್ಲ. ಆದರೆ ಕೋಡ್ ಬರೆಯುವುದರಲ್ಲಿ ಅವನಂಥವನನ್ನು ನಾನು ನೋಡಿಲ್ಲ. ಡೊಂಬಿವಲಿ ಪೂರ್ವದಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಕೋಣೆ ಹಿಡಿದೆವು. ಕೆಳಗೆ ಗಿರಣಿ ತಿರುಗಿದರೆ ಮೇಲೆ ನಮ್ಮ ಮೇಜು ನಡುಗುತ್ತಿತ್ತು. ಕಂಪ್ಯೂಟರಿನ ಫ್ಯಾನಿನಿಂದ ತಿಂಗಳಿಗೊಮ್ಮೆ ಜೋಳದ ಹಿಟ್ಟು ತೆಗೆಯುತ್ತಿದ್ದೆವು. ಹನ್ನೊಂದು ವರ್ಷ ಅವನು ಬರೆದ, ನಾನು ಮಾರಿದೆ.

ಅವನು ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದ.

ಒಮ್ಮೆ ಕೇಳಿದ್ದೆ. "ಯಾಕಪಾ, ಜಗತ್ತೆಲ್ಲ ಇಂಗ್ಲಿಷಿನ್ಯಾಗ ಬರೀತೈತಿ, ನೀ ಒಬ್ಬಾವ ಹಿಂಗ?"

"ಮನೆಯಲ್ಲಿ ತುಳು. ಹೋಟೆಲಲ್ಲಿ ಹಿಂದಿ. ಟ್ರೇನಲ್ಲಿ ಮರಾಠಿ. ಮಗಳು ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡ್ತಾಳೆ," ಎಂದ. "ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಮಾರಾಯ. ಬರೆಯಲಿಕ್ಕೆ ನನಗೆ ಇರುವುದು ಇದೊಂದೇ ಜಾಗ. ಓದುವವನು ನೀನೊಬ್ಬ. ನೀನೂ ಓದುವುದಿಲ್ಲ."

ಅದು ನಿಜವಾಗಿತ್ತು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಕೋಡಿನ ಯಾವ ಪ್ರತಿಯೂ ಆಫೀಸು ಬಿಟ್ಟು ಹೊರಗೆ ಹೋಗಬಾರದು ಎಂಬುದು ನಾನು ಮಾಡಿದ ನಿಯಮ. ಒಂದೇ ಯಂತ್ರ, ಒಂದೇ ಕಡೆ, ಕೀಲಿ ನನ್ನ ಹತ್ತಿರ. ಮನೆಯ ಲ್ಯಾಪ್‌ಟಾಪಿಗೆ ಒಂದು ಪ್ರತಿ ಹಾಕಿಕೊಳ್ಳಲೇ ಎಂದು ಅವನು ಎರಡು ಸಲ ಕೇಳಿದ್ದ. ಬೇಡ ಎಂದೆ. ಬಟ್ಟೆ ಅಂಗಡಿಯಲ್ಲಿ ಸ್ಯಾಂಪಲ್ ಮನೆಗೆ ಒಯ್ದವನು ನಾಳೆ ಅದೇ ಮಾಲನ್ನು ಬೇರೆ ಕಡೆ ನೇಯಿಸುವುದನ್ನು ಕಣ್ಣಾರೆ ಕಂಡವನು ನಾನು. ಬೇರೆಯವರಿಗೂ ಇದನ್ನೇ ಉಪದೇಶ ಮಾಡುತ್ತಿದ್ದೆ. ಯಾರಾದರೂ ನನ್ನ ಆ ಮಾತು ಕೇಳಿ ನಡೆಯುತ್ತಿದ್ದರೆ ಇವತ್ತೇ ಬಿಡಿ. ಎರಡನೇ ಪ್ರತಿ ಬರೆದವನ ಮನೆಯಲ್ಲಿರಲಿ.

ಐರೋಲಿಯ ಒಂದು ಕಂಪನಿ ನಮ್ಮ ಸಾಫ್ಟ್‌ವೇರನ್ನು ಪೂರ್ತಿಯಾಗಿ ಕೊಳ್ಳುತ್ತೇವೆ ಎಂದು ಬಂದಾಗ ನಮಗಿಬ್ಬರಿಗೂ ಐವತ್ತು ಹತ್ತಿರವಾಗಿತ್ತು. ಅವರು ಎರಡು ಮಾತು ಕೇಳಿದರು. ಒಂದು, ಕೊಳ್ಳುವ ಮೊದಲು ಅವರ ತಾಂತ್ರಿಕ ತಂಡಕ್ಕೆ ಕೋಡ್ ವೆಬ್ ಪುಟದಲ್ಲಿ ನೋಡಲು ಸಿಗಬೇಕು. ಎರಡು, ಇದನ್ನು ಬರೆದವರನ್ನು ಅವರು ಜೊತೆಗೆ ಕರೆದುಕೊಳ್ಳುತ್ತಾರೆ. ಈ ಸಾಫ್ಟ್‌ವೇರಿಗೆ ಮುಖ್ಯಸ್ಥನಾಗಿ, ಕಾಯಂ ಕೆಲಸ.

ಎರಡನೆಯದನ್ನು ಕೇಳಿ ನನ್ನ ಪಾಲುದಾರ ತನ್ನ ಮೇಜಿಗೆ ಮರಳಿದ. ಗಿರಣಿ ನಿಂತ ಮೇಲೆ ಹೇಳಿದ, "ನನ್ನ ಹತ್ತಿರ ಡಿಗ್ರಿ ಇಲ್ಲ. ಬೇರೆ ಎಲ್ಲಿಯೂ ಕೆಲಸ ಮಾಡಿಲ್ಲ. ಈ ವಯಸ್ಸಲ್ಲಿ ಯಾರು ಬಾಗಿಲು ತೆಗೀತಾರೆ? ಪುಟ ಮಾಡು, ಎಲ್ಲ ತೋರಿಸು. ಹನ್ನೊಂದು ವರ್ಷದ್ದು ತಾರೀಕು ಸಮೇತ ಇದೆ. ನನ್ನ ಬಯೋಡಾಟಾ ಅದೇ."

"ಅಷ್ಟ ಅಲ್ಲೇನ, ಮಾಡಿದ್ರಾತು ತಗೊ," ಎಂದೆ.

ಅವನು ಅಕ್ಕನ ಮಗಳ ಮದುವೆಗೆಂದು ಹದಿನೈದು ದಿನ ಊರಿಗೆ ಹೋದ. ನಾನು ಪುಟ ಮಾಡಲು ಕೂತೆ.

ಹೊರಗಿನವರನ್ನು ಕರೆಸಬಹುದಿತ್ತು. ಕರೆಸಲಿಲ್ಲ, ನನ್ನ ಕೈಯಿಂದಲೇ ಆಗುತ್ತದೆ ಎಂಬ ಜಂಬ. ಮೂರು ದಿನ ತೆಗೆದುಕೊಂಡಿತು. ಮೊದಲ ದಿನ ಪುಟವೇ ಬರಲಿಲ್ಲ, ಬರೀ 'ಸಿಗಲಿಲ್ಲ' ಎಂಬ ಉತ್ತರ. ಭಂಡಾರ ಇರುವ ಜಾಗದ ವಿಳಾಸವನ್ನು ಸೆಟ್ಟಿಂಗಿನಲ್ಲಿ ಒಂದು ಗೆರೆ ಕಡಿಮೆ ಹಾಕಿದ್ದೆ. ಎರಡನೇ ದಿನ ಪುಟ ಬಂತು, ಆದರೆ ಒಳಗೆ ಭಂಡಾರವೇ ಕಾಣಲಿಲ್ಲ: ವೆಬ್ ಸರ್ವರಿಗೆ ಭಂಡಾರವಿರುವ ಫೋಲ್ಡರಿನೊಳಗೆ ಹೋಗಲು ಅನುಮತಿ ಇರಲಿಲ್ಲ. ಇಂಥದ್ದರಲ್ಲಿ ನನ್ನ ಸಲಹೆ ಏನೆಂದರೆ, ತಲೆ ಕೆಟ್ಟು ಎಲ್ಲರಿಗೂ ಎಲ್ಲ ಅನುಮತಿ ಕೊಡಬೇಡಿ. ಓದುವ ಅನುಮತಿ ಸಾಕು. ಪಾಸ್‌ವರ್ಡ್ ಹಾಕಿ. ಅಂತರ್ಜಾಲದಲ್ಲಿ ಹುಡುಕಿಕೊಡುವ ಕಂಪನಿಗಳ ಯಂತ್ರಗಳು ಬಂದು ಮೂಸದ ಹಾಗೆ ಬಾಗಿಲಲ್ಲೇ ಒಂದು ನಿಷೇಧದ ಫೈಲ್ ಇಡಿ. ಮೂರನೇ ದಿನ ಮಧ್ಯಾಹ್ನ ಪುಟ ತೆರೆಯಿತು. ಎಡಗಡೆ ತಾರೀಕು, ನಡುವೆ ಟಿಪ್ಪಣಿ, ಪಕ್ಕದಲ್ಲಿ ಅವನ ಹೆಸರು. ಸಾಲಿನ ಕೆಳಗೆ ಸಾಲು. ಎಲ್ಲದರಲ್ಲೂ ಅವನದ್ದೇ ಹೆಸರು.

ನಾನು ಅವನ ಟಿಪ್ಪಣಿಗಳನ್ನು ಅಂದು ಮೊದಲ ಸಲ ಓದಿದೆ. ಅವುಗಳಲ್ಲಿ 'ಯಜಮಾನರು' ಅಂದರೆ ನಾನು.

'ಪೂರ್ತಿ ಸರಿಯಾಗಿಲ್ಲ. ಸರಿಯಾಗಿದೆ ಅಂತ ಯಜಮಾನರು ಗಿರಾಕಿಗೆ ಹೇಳಿ ಆಗಿದೆ. ಹಾಗಾಗಿ ಸರಿಯಾಗಿದೆ.'

'ಒಂದೇ ಸೇಬು ಎರಡು ಕೋಣೆಯಲ್ಲಿ ಕಾಣುತ್ತಿತ್ತು. ಯಾಕೆ ಅಂತ ಗೊತ್ತಾಯಿತು. ಹೇಳಲು ನಾಚಿಕೆ.'

'ಕೆಳಗೆ ಗಿರಣಿ ಶುರುವಾಗಿದೆ, ಮೇಜು ನಡುಗುತ್ತಿದೆ. ಇದರಲ್ಲಿ ತಪ್ಪಿದ್ದರೆ ಗಿರಣಿಯದ್ದು.'

'ಬಟಾಟೆಗೆ ಬೇರೆ ತಂಪು, ಸೇಬಿಗೆ ಬೇರೆ ತಂಪು. ಎರಡಕ್ಕೂ ಒಂದೇ ಸಾಕು ಎಂದು ಯಜಮಾನರ ವಾದ. ಅರ್ಧ ಗಂಟೆ ಹೋಯಿತು. ಬಟಾಟೆ ಗೆದ್ದಿತು.'

ನಕ್ಕೆ. ಒಬ್ಬನೇ ಕೂತು ಜೋರಾಗಿ ನಕ್ಕೆ. ಮುಂದಿನ ಪುಟ ತಿರುವಿದೆ, ಅದರ ಮುಂದಿನದು ತಿರುವಿದೆ. ಆಮೇಲೆ ನನ್ನ ತಲೆ ಬೇರೆ ದಾರಿ ಹಿಡಿಯಿತು.

ಐರೋಲಿಯವರು ಇದನ್ನು ನೋಡುತ್ತಾರೆ. ಕನ್ನಡ ಅವರಿಗೆ ಬಾರದಿರಬಹುದು, ಆದರೆ ಫೋನಿನಲ್ಲಿ ಹಾಕಿದರೆ ಯಾವ ಭಾಷೆಯನ್ನಾದರೂ ಒಂದು ಕ್ಷಣದಲ್ಲಿ ತಿರುಗಿಸಿ ಕೊಡುತ್ತದೆ. 'ಪೂರ್ತಿ ಸರಿಯಾಗಿಲ್ಲ' ಎಂದು ಬರೆದವನೇ ಬರೆದಿದ್ದಾನೆ. 'ಇದು ತಾತ್ಕಾಲಿಕ, ಮುಂದೆ ನೋಡುವ' ಎಂಬುದು ಎಂಟು ಕಡೆ ಇದೆ. ಮಾರಾಟಕ್ಕಿಟ್ಟ ಸೀರೆಯ ಮೇಲೆ ಎಲ್ಲೆಲ್ಲಿ ನೂಲು ಎದ್ದಿದೆ ಎಂದು ನೇಕಾರನೇ ಚೀಟಿ ಅಂಟಿಸಿದ ಹಾಗೆ. ನಾನು ಮೂವತ್ತು ವರ್ಷ ಮಾತಿನ ಮೇಲೆ ಬದುಕಿದವನು. ಮೇಜಿನ ಆ ಕಡೆ ಕೂತವನ ಕೈಗೆ ಇಂಥ ಚೀಟಿ ಕೊಡುವುದು ನನ್ನ ಮೈಯಲ್ಲಿ ಇಲ್ಲ.

ಇನ್ನೊಂದು ಕಾರಣವೂ ಇತ್ತು. ಅದನ್ನು ಬರೆಯಲು ನಾಲ್ಕು ದಿನ ಹಿಂದೆ ಮುಂದೆ ನೋಡಿದೆ. ಪುಟದ ತುಂಬ ಒಂದೇ ಹೆಸರಿತ್ತು. ಅದನ್ನು ನೋಡಿದವರಿಗೆ ಅನಿಸುವುದಿಷ್ಟೇ: ಈ ಮನುಷ್ಯ ನಮ್ಮ ಕಡೆ ಬಂದರೆ ಸಾಕು, ಉಳಿದವನ ಹತ್ತಿರ ಬೆಲೆ ಯಾಕೆ ಮಾತಾಡಬೇಕು? ಆ ಉಳಿದವನು ನಾನು.

ಹಾಗಾಗಿ ಹೊಸ ಭಂಡಾರ ಮಾಡಿದೆ. ಹಳೆಯದರಿಂದ ಇವತ್ತಿನ ಸ್ಥಿತಿಯ ಕೋಡ್ ಮಾತ್ರ ತೆಗೆದು ಅದಕ್ಕೆ ಹಾಕಿದೆ. ಒಂದೇ ಎಂಟ್ರಿ. ಟಿಪ್ಪಣಿ ಇಂಗ್ಲಿಷಿನಲ್ಲಿ: ಮೊದಲ ಆವೃತ್ತಿ. ಹೆಸರಿನ ಜಾಗದಲ್ಲಿ ನಮ್ಮ ಸಂಸ್ಥೆಯ ಹೆಸರು. ಪುಟ ಶುಭ್ರವಾಗಿ ಕಂಡಿತು. ಹಳೆಯದು ಹೇಗೂ ಹಳೆ ಯಂತ್ರದಲ್ಲಿ ಇದೆಯಲ್ಲ, ಮಾರಾಟ ಮುಗಿದ ಮೇಲೆ ಅವನ ವಿಷಯ ಬಾಯಿಮಾತಲ್ಲಿ ಹೇಳಿದರಾಯಿತು ಎಂದುಕೊಂಡೆ.

ಹಳೆ ಯಂತ್ರ ನಿಧಾನವಾಗಿತ್ತು. ಪುಟ ತೆರೆಯಲು ಒಂದು ಚಹಾದ ಹೊತ್ತು ಬೇಕು. ಕೊಳ್ಳುವವರ ಮುಂದೆ ಅದು ಆಗದು ಎಂದು, ಹೊಸ ಭಂಡಾರವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಉಲ್ಹಾಸನಗರಕ್ಕೆ ಹೋದೆ. ನನಗೆ ಹಳೆಯ ಗುರುತಿನ ಅಂಗಡಿ. ಹೊಸದು ತೆಗೆದುಕೊಂಡು ಹಳೆಯದನ್ನು ಬದಲಿಗೆ ಕೊಡುವ ಮಾತು. ಚೌಕಾಸಿ ಒಂದೂವರೆ ಗಂಟೆ ನಡೆಯಿತು. ಅಂಗಡಿಯವನು ಎರಡು ಸಲ ಕ್ಯಾಲ್ಕುಲೇಟರ್ ಮೇಜಿನ ಮೇಲೆ ಬಿಸಾಕಿದ, ನಾನು ಎರಡು ಸಲ ಮೆಟ್ಟಿಲಿಳಿದೆ. ಹಳೆಯದರಲ್ಲಿ ಎರಡು ಡಿಸ್ಕ್ ಇದ್ದವು. ಮೇಲಿನದನ್ನು ನಾನೇ ಸ್ಕ್ರೂ ಬಿಚ್ಚಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ನಮ್ಮ ಕೆಲಸವೆಲ್ಲ ಅದರಲ್ಲೇ ಇರುವುದು ಎಂದು ನನ್ನ ನಂಬಿಕೆ. ಆ ಯಂತ್ರ ಜೋಡಿಸಿದವನೇ ನಾನಲ್ಲವೆ. ಕೆಳಗಿನದಕ್ಕೆ ಕೈ ಹಾಕಿದಾಗ ಅಂಗಡಿಯವನು ನನ್ನ ಮಣಿಕಟ್ಟು ಹಿಡಿದ.

"ಸಾಯಿ, ದೋನೋ ನಿಕಾಲೇಗಾ ತೋ ಭಾವ್ ಬದಲೇಗಾ."

ಸಾಯಿ ಅಂದರೆ ಸಿಂಧಿಗಳ 'ಸ್ವಾಮಿ'; ಎರಡೂ ತೆಗೆದರೆ ಬೆಲೆ ಬೇರೆ ಎನ್ನುತ್ತಿದ್ದಾನೆ. ನಾನು ಒಂದು ಕ್ಷಣ ಯೋಚಿಸಿದ ಹಾಗೆ ನಟಿಸಿದೆ, ಕೆಳಗಿನ ಡಿಸ್ಕಿನ ಮೇಲಿಂದ ಕೈ ತೆಗೆದೆ, ಬದಲಿಗೆ ಒಂದು ಕೀಬೋರ್ಡು, ಒಂದು ಮೌಸು ಮೇಲಿಂದ ಹಾಕಿಸಿಕೊಂಡೆ. ಗೆದ್ದೆ ಎಂದುಕೊಂಡು ರಿಕ್ಷಾ ಹಿಡಿದೆ.

ಸಭೆ ಐರೋಲಿಯಲ್ಲಿ. ಪಾಲುದಾರ ಹಿಂದಿನ ದಿನವಷ್ಟೇ ಊರಿಂದ ಬಂದಿದ್ದ, ಆಫೀಸಿಗೆ ಬರದೆ ಕಲ್ಯಾಣದಿಂದ ನೇರ ಅಲ್ಲಿಗೇ ಬಂದ. ಮದುವೆಗೆ ಹೊಲಿಸಿದ ಹೊಸ ಅಂಗಿ ಹಾಕಿದ್ದ. ಕಾಲರಿನ ಒಳಗೆ ದರ್ಜಿಯ ಸೀಮೆಸುಣ್ಣದ ಗುರುತು ಇನ್ನೂ ಇತ್ತು. ಲಿಫ್ಟಿನಲ್ಲಿ ಕೇಳಿದ, "ಪುಟ ಆಯ್ತಾ?"

"ಆಗೇತಿ. ಫಸ್ಟ್ ಕ್ಲಾಸ್."

ಅವರ ತಾಂತ್ರಿಕ ಮುಖ್ಯಸ್ಥೆ ಮೂವತ್ತೈದರ ಆಸುಪಾಸಿನ ಮರಾಠಿ ಹೆಂಗಸು. ಹೆಚ್ಚು ಮಾತಿಲ್ಲದವರು. ಗೋಡೆಯ ಪರದೆಯ ಮೇಲೆ ನಮ್ಮ ಪುಟ ತೆರೆದರು. ಬೇಗನೆ ತೆರೆಯಿತು. ಇತಿಹಾಸದ ಕೊಂಡಿ ಒತ್ತಿದರು. ದೊಡ್ಡ ಬಿಳಿ ಪರದೆಯ ಮೇಲೆ ಒಂದೇ ಒಂದು ಸಾಲು ಬಂದು ನಿಂತಿತು.

"ಹ್ಯಾತ ಏಕಚ ಎಂಟ್ರಿ ಆಹೆ," ಎಂದರು. ಕೆಳಗೆ ಸರಿಸಿ ನೋಡಿದರು, ಸರಿಸಲು ಏನೂ ಇರಲಿಲ್ಲ. "ಹಿಸ್ಟರಿ ಕುಠೆ ಗೇಲಿ? ಕೋಣೀ ಲಿಹಿಲಂಯ?"

ಇರುವುದು ಒಂದೇ ಎಂಟ್ರಿ, ಇತಿಹಾಸ ಎಲ್ಲಿ ಹೋಯಿತು, ಬರೆದವರು ಯಾರು. ಇಷ್ಟೇ ಪ್ರಶ್ನೆ. ಉತ್ತರ ನನ್ನ ಪಕ್ಕದಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿತ್ತು. ಬೆಲೆಯ ಮಾತು ಇನ್ನೂ ಆಗಿರಲಿಲ್ಲ. ಮೊದಲು ಬೆಲೆ, ಆಮೇಲೆ ಉಳಿದದ್ದು ಎಂದು ನನ್ನ ಮನಸ್ಸು ಹೇಳಿತು.

"ಆಮಚೀ ಟೀಮ್," ಎಂದೆ. ನಮ್ಮ ತಂಡ.

ಅವರು ತಲೆಯಾಡಿಸಿ ಅವನ ಕಡೆ ತಿರುಗಿದರು. "ತುಮ್ಹಿ ಸಪೋರ್ಟ್ ಬಘತಾ ಕಾ?"

ಗಿರಾಕಿಗಳ ಫೋನ್ ನೋಡಿಕೊಳ್ಳುವವರು ನೀವಾ ಎಂದು ಕೇಳಿದ್ದು. ಅವನು ಪರದೆಯನ್ನು ನೋಡುತ್ತಿದ್ದ. ನನ್ನ ಕಡೆ ನೋಡಲಿಲ್ಲ.

"ಹೋ," ಎಂದ. ಹೌದು.

ಅಷ್ಟರ ಮೇಲೆ ನನಗೆ ಬೇಕಾದ ಬೆಲೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಐರೋಲಿಯಿಂದ ಠಾಣೆಯ ತನಕ ಇಬ್ಬರೂ ಲೋಕಲ್ ಟ್ರೇನಿನ ಬಾಗಿಲ ಹತ್ತಿರ ನಿಂತು ಬಂದೆವು. ಠಾಣೆಯಲ್ಲಿ ಇಳಿದು ಕಲ್ಯಾಣದ ಗಾಡಿಗೆ ಕಾಯುವಾಗ ಅವನು ಬಾಯಿ ಬಿಟ್ಟ.

"ಹನ್ನೊಂದು ವರ್ಷ ಒಂದು ಸಾಲಲ್ಲಿ ಕೂತಿತಲ್ಲ ಮಾರಾಯ. ಬಟ್ಟೆ ಅಂಗಡಿಯಲ್ಲಿದ್ದವನು ನೀನು. ಮಡಚುವುದು ಗೊತ್ತು."

"ಹಳೇದು ಎಲ್ಲಿ ಹೊಕ್ಕೈತಿ? ಡಿಸ್ಕ್ ನನ್ನ ಕಪಾಟದಾಗ ಐತಿ," ಎಂದೆ. "ನಾಳೆ ಹಾಕಿ ತೋರಸ್ತೀನಿ ಆ ಹೆಣ್ಮಗಳಿಗೆ. ಇವನ ಬರದಾನ ಅಂತ ಹೇಳ್ತೀನಿ. ಮೊದಲ ರೇಟು ಆಗ್ಲಿ ಅಂತ ಸುಮ್ನಿದ್ದೆ."

"ಯಾವ ಡಿಸ್ಕ್?"

"ಹಳೇ ಮಶೀನ್ದು. ಕೊಡೂ ಮುಂದ ತಗದಿಟ್ಟೀನಿ."

"ಕೊಟ್ಟೆಯಾ ಅದನ್ನು?" ಎಂದ. ಆಮೇಲೆ, "ಮೇಲಿನದ್ದಾ, ಕೆಳಗಿನದ್ದಾ?"

"ಮೇಲಿಂದು."

ಕಲ್ಯಾಣದ ಮೇಲೇ ಹೋಗುವ ಅಂಬರನಾಥದ ಗಾಡಿ ಬಂತು. ಜನ ನಮ್ಮನ್ನು ಸುತ್ತಿಕೊಂಡು ಹತ್ತಿದರು, ನಾವು ಹತ್ತಲಿಲ್ಲ. ಗಾಡಿ ಹೋಯಿತು.

"ಮೇಲಿನದರಲ್ಲಿ ನಿನ್ನ ಹಳೆ ಕೊಟೇಶನ್ನುಗಳಿದ್ದಾವೆ," ಎಂದ. "ಮೂರು ವರ್ಷದ ಹಿಂದೆ ಅದು ಸದ್ದು ಮಾಡ್ಲಿಕ್ಕೆ ಶುರು ಮಾಡಿತು. ಭಂಡಾರವನ್ನು ಕೆಳಗಿನದಕ್ಕೆ ಹಾಕಿದೆ, ವಿಳಾಸ ಹಳೆಯದೇ ಇಟ್ಟೆ. ಬರೆದಿದ್ದೆನಲ್ಲ."

"ಎಲ್ಲೆ ಬರದಿದ್ದಿ?"

"ಅದರಲ್ಲೇ. ಟಿಪ್ಪಣಿಯಲ್ಲಿ."

ನಾನು ಆ ಪುಟದ ತನಕ ತಿರುವಿರಲಿಲ್ಲ. ಮೂರು ಪುಟ ಓದಿ, ನಕ್ಕು, ಹೆದರಿ, ನಿಲ್ಲಿಸಿದ್ದೆ.

ಮರುದಿನ ಅಂಗಡಿ ತೆರೆಯುವ ಮೊದಲೇ ಉಲ್ಹಾಸನಗರದಲ್ಲಿದ್ದೆ. ಅಂಗಡಿಯವನು ಶಟರಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಆಮೇಲೆ ಕೇಳಿಸಿಕೊಂಡ. ಬಂದ ಡಿಸ್ಕುಗಳನ್ನು ಅದೇ ವಾರ ಒಳಗಿನದೆಲ್ಲ ಅಳಿಸಿ, ಗಂಟು ಕಟ್ಟಿ, ಯಾರೋ ಬಂದವರಿಗೆ ಕೊಟ್ಟಾಗಿತ್ತು. ಯಾರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. "ಮೈನೇ ರೋಕಾ ಥಾ ಕ್ಯಾ? ಭಾವ್ ಕೆ ಲಿಯೇ ತೂನೇ ಹಿ ಛೋಡಾ," ಎಂದ. ನಾನು ತಡೆದಿದ್ದೆನಾ, ಬೆಲೆಗಾಗಿ ನೀನೇ ಬಿಟ್ಟೆ ಎಂದು. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಉಳಿದಿದ್ದ ಡಿಸ್ಕುಗಳ ಡಬ್ಬವನ್ನು ನನ್ನ ಮುಂದೆ ಸುರಿದ. ನಾನು ನೆಲದ ಮೇಲೆ ಕೂತು ಒಂದೊಂದರ ನಂಬರ್ ನೋಡಿದೆ. ಮಧ್ಯಾಹ್ನವಾಯಿತು. ಅವನು ತನ್ನ ಡಬ್ಬಿಯ ಊಟದಲ್ಲಿ ಎರಡು ರೊಟ್ಟಿ ನನಗೆ ಕೊಟ್ಟ. ಸಿಗಲಿಲ್ಲ.

ಐರೋಲಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಈ ಸಲ ಸುತ್ತಿ ಬಳಸದೆ. ಬರೆದದ್ದು ಅವನೊಬ್ಬನೇ, ನಾನು ಮುಚ್ಚಿಟ್ಟೆ ಎಂದೆ. ಆ ಹೆಂಗಸು ಸಮಾಧಾನದಿಂದ ಕೇಳಿದರು. ಅವರು ಕೆಟ್ಟವರಲ್ಲ. ಆದರೆ ಅವರಿಗೂ ಮೇಲಿನವರಿಗೆ ಏನಾದರೂ ತೋರಿಸಬೇಕು; ಡಿಗ್ರಿ ಇಲ್ಲ, ಬೇರೆ ಕಡೆಯ ಅನುಭವವಿಲ್ಲ, ಪುಟದಲ್ಲಿ ಹೆಸರಿಲ್ಲ. ಮೊದಲು ಟೀಮ್ ಅಂದಿದ್ದಿರಿ, ಈಗ ಒಬ್ಬರೇ ಅನ್ನುತ್ತಿದ್ದೀರಿ ಎಂದರು. ಚೌಕಾಸಿ ಮಾಡುವವನ ಮಾತಿಗೆ ಎಷ್ಟು ತೂಕ ಇರುತ್ತದೆ ಎಂಬುದು ನನಗೆ ಆ ಫೋನಿನಲ್ಲಿ ಗೊತ್ತಾಯಿತು. ಕೊನೆಗೆ ಅವನಿಗೆ ಸಪೋರ್ಟಿನ ಕೆಲಸ ಕೊಡಲು ಒಪ್ಪಿದರು. ಅವನು ಬೇಡ ಎಂದ. ಬರೆದವನಿಗೆ ತಾನು ಬರೆದದ್ದರ ಬಾಗಿಲು ಕಾಯುವ ಕೆಲಸ. ನಾನಾದರೂ ಬೇಡ ಎನ್ನುತ್ತಿದ್ದೆ.

ಈಗ ಅವನು ಬೆಳಿಗ್ಗೆ ತಮ್ಮನ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾನೆ. ಮಧ್ಯಾಹ್ನದ ಮೇಲೆ ಎರಡು ಶಾಲೆಗಳಿಗೆ ಏನೋ ಸಣ್ಣ ಪ್ರೋಗ್ರಾಮ್ ಬರೆದುಕೊಡುತ್ತಾನೆ.

ಆರು ತಿಂಗಳು ನಾನು ಒಂದು ಕೆಲಸ ಮಾಡಿದೆ. ಗಿರಣಿಯ ಮೇಲಿನ ಕೋಣೆಯಲ್ಲಿ ಕೂತು, ಹೊಸ ಯಂತ್ರದಲ್ಲಿ, ನೆನಪಿದ್ದಷ್ಟು ಟಿಪ್ಪಣಿಗಳನ್ನು ಮತ್ತೆ ಬರೆದೆ. ನಾನು ಓದಿದ್ದು ಮೂರೇ ಪುಟ, ಆದರೆ ಎದುರು ಕೂತು ಕಂಡದ್ದು ಹನ್ನೊಂದು ವರ್ಷ. ಬಟಾಟೆಯ ಜಗಳ ಬರೆದೆ. ಸೇಬು ಎರಡು ಕಡೆ ಕಂಡದ್ದು ಬರೆದೆ. ವಾಶಿಯಲ್ಲಿ ಕರೆಂಟು ಹೋಗಿ ಎಲ್ಲ ಕೋಣೆಗಳ ಪಟ್ಟಿ ಅಳಿಸಿಹೋದಾಗ ಅವನು ಒಂದೇ ದಿನದಲ್ಲಿ ಅದನ್ನು ಮರಳಿ ಕಟ್ಟಿದ್ದು ಬರೆದೆ. ಅವನ ಮಾತಿನ ಧಾಟಿ ಬರುವ ಹಾಗೆ ಬರೆದೆ. ಆ ವ್ಯವಸ್ಥೆಯಲ್ಲಿ ಹೆಸರಿನ ಜಾಗದಲ್ಲಿ ಯಾರ ಹೆಸರನ್ನಾದರೂ ಹಾಕಬಹುದು, ತಡೆಯುವವರಿಲ್ಲ. ಅವನ ಹೆಸರು ಹಾಕಿದೆ. ತಾರೀಕುಗಳನ್ನೂ ಅಂದಾಜಿನ ಮೇಲೆ ಹಳೆಯದು ಮಾಡಿದೆ. ನಲವತ್ತೊಂದು ಟಿಪ್ಪಣಿ. ಪುಟ ತುಂಬಿದ ಹಾಗೆ ಕಂಡಿತು. ಐರೋಲಿಗೆ ಕಳಿಸುವ ಮೊದಲು ಅವನಿಗೆ ತೋರಿಸಬೇಕು ಎಂದು ಕಲ್ಯಾಣಕ್ಕೆ ಹೋದೆ.

ಹನ್ನೊಂದು ಗಂಟೆಯ ಹೊತ್ತು, ಹೋಟೆಲು ಖಾಲಿ. ಕೌಂಟರಿನ ಮೇಲೆ ನನ್ನ ಫೋನ್ ಇಟ್ಟು ಪುಟ ತೆರೆದೆ. ಅವನು ಕನ್ನಡಕ ಹಾಕಿಕೊಂಡು ಓದಿದ. ಬೆರಳಿನಿಂದ ನಿಧಾನವಾಗಿ ಸರಿಸುತ್ತ, ಎಲ್ಲವನ್ನೂ. ಒಂದೆರಡು ಕಡೆ ಮೂಗಿನಲ್ಲಿ ನಕ್ಕ. ನನಗೆ ಧೈರ್ಯ ಬಂತು.

"ಕರೆಂಟು ಹೋದ ದಿನ ನೀನು ಇರಲಿಲ್ಲ," ಎಂದ.

"ಇದ್ದೆಲ್ಲೋ. ನಾನ ಚಾ ತಂದುಕೊಟ್ಟೀನಿ."

"ಚಾ ತಂದದ್ದು ಗಿರಣಿಯವ. ನೀನು ವಾಶಿಯಲ್ಲಿ ಗೋದಾಮಿನ ಶೇಟ್ ಹತ್ತಿರ ಎಲ್ಲ ಸರಿಯಾಗಿದೆ ಅಂತ ಹೇಳ್ತಾ ಇದ್ದೆ." ಮತ್ತೆ ಸರಿಸಿದ. "ಇದೇನು, 'ಯಜಮಾನರು ಹೇಳಿದ್ದೇ ಸರಿ ಅಂತ ಆಮೇಲೆ ಗೊತ್ತಾಯಿತು.' ಇದನ್ನು ನಾನು ಬರೆದೆನಾ?"

ಅದನ್ನು ಬರೆಯುವಾಗ ನಿಜವಾಗಿಯೂ ಅವನು ಬರೆದಿದ್ದ ಎಂದೇ ನನಗೆ ಅನಿಸಿತ್ತು.

"ಇಷ್ಟು ಒಳ್ಳೆಯ ಮಾತು ನಾನು ನಿನ್ನ ಬಗ್ಗೆ ಹನ್ನೊಂದು ವರ್ಷದಲ್ಲಿ ಬರೆದಿಲ್ಲ," ಎಂದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಮೊದಲ ವರ್ಷದ್ದು ಒಂದು ನನಗೆ ಅಕ್ಷರ ಅಕ್ಷರ ನೆನಪಿದೆ. ಹೇಳ್ಲಾ? 'ಯಜಮಾನರು ಹೇಳಿದ ಹಾಗೆ ಮಾಡಿದ್ದೇನೆ. ತಪ್ಪು ಅಂತ ಹೇಳಿದ್ದೆ. ಬರೆದಿಟ್ಟಿದ್ದೇನೆ.'"

"ಅದನ್ನ ಹಾಕ್ತೀನಿ. ಈಗ ಹಾಕ್ತೀನಿ, ನಿನ್ನ ಹೆಸರಿಲೆ."

"ಬೇಡ." ಫೋನನ್ನು ನನ್ನ ಕಡೆ ತಳ್ಳಿದ. "ಅದು ಅಲ್ಲಿ ಇದ್ದದ್ದು, ಇಲ್ಲಿ ಅಲ್ಲ. ಇದು ನೀನು ಬರೆದದ್ದು ಮಾರಾಯ. ಚೆನ್ನಾಗೇ ಬರೆದಿದ್ದಿ. ನಿನ್ನ ಹೆಸರು ಹಾಕು. ನನ್ನ ಹೆಸರಲ್ಲಿ ಸುಳ್ಳು ಬಯೋಡಾಟಾ ನನಗೆ ಬೇಡ. ಇಷ್ಟು ವರ್ಷ ನಿನ್ನ ಸಂಗಡ ಇದ್ದೂ ನಾನು ಅದನ್ನು ಕಲಿಯಲಿಲ್ಲ."

ಒಳಗಿಂದ ಯಾರೋ ತುಳುವಿನಲ್ಲಿ ಕರೆದರು. ಅವನು ಎದ್ದು ಹೋದ. ಹೋಗುವಾಗ ನನಗೊಂದು ಕಾಫಿ ಕಳಿಸಲು ಹೇಳಿ ಹೋದ. ಕುಡಿದು ಬಂದೆ.

ಕೋಣೆಗೆ ಬಂದು ನಲವತ್ತೊಂದು ಕಡೆ ಅವನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ತಾರೀಕುಗಳನ್ನೂ ನಿಜವಾದದ್ದು ಮಾಡಿದೆ. ಅವನು ಬಾಯಲ್ಲಿ ಹೇಳಿದ ಆ ಒಂದು ಟಿಪ್ಪಣಿಯನ್ನು ಹಾಕಲಿಲ್ಲ; ಅದಕ್ಕೆ ಹಾಕುವ ಹೆಸರು ನನ್ನ ಹತ್ತಿರ ಇರಲಿಲ್ಲ. ಐರೋಲಿಗೆ ಏನನ್ನೂ ಕಳಿಸಲಿಲ್ಲ.

ಇಂಥ ಪುಟ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ತೋರಿಸುವ ಮೊದಲು ಕೊನೆಯ ಪುಟದ ತನಕ ತಿರುವಿ ಓದಿ. ಅವಸರ ಮಾಡಬೇಡಿ. ಬರೆದವನು ಊರಲ್ಲಿ ಇಲ್ಲದಾಗ ಮಾಡಲೇಬೇಡಿ.

ಪುಟವನ್ನು ನಾನು ಈಗಲೂ ಆಗಾಗ ತೆರೆಯುತ್ತೇನೆ. ಎಲ್ಲಕ್ಕಿಂತ ಕೆಳಗೆ ಆ ಒಂದು ಸಾಲು, ಅದರ ಮೇಲೆ ನನ್ನ ನಲವತ್ತೊಂದು. ಎಲ್ಲಿಯೂ ಅವನ ಹೆಸರಿಲ್ಲ. ಒತ್ತಿದ ತಕ್ಷಣ ತೆರೆಯುತ್ತದೆ. ಯಂತ್ರ ಒಳ್ಳೆಯದು, ಬಹಳ ಅಗ್ಗಕ್ಕೆ ಸಿಕ್ಕಿತ್ತು.